ಅಂಕಿಯ ಪಕ್ಕದ ಆ ವೇಳೆ ಯಾವ ಗಡಿಯಾರದ್ದು?

220 ಕೆವಿ ಸಬ್‌ಸ್ಟೇಷನ್ನಿನ ಮೀಟರೊಂದು 219.6 ಎಂದು ತೋರಿಸಿದೆ. ಡೇಟಾಬೇಸಿನಲ್ಲಿ ಅದರ ಪಕ್ಕ 14:32:07.415 ಎಂದಿದೆ. ಈ ವೇಳೆ ಯಾವುದು? ತಂತಿಯ ಮೇಲೆ ವೋಲ್ಟೇಜು ಅಷ್ಟಿದ್ದ ಕ್ಷಣವೇ? ಎಡಿಸಿ (ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡುವ ಚಿಪ್ಪು) ಅದನ್ನು ಅಂಕಿಯಾಗಿಸಿದ ಕ್ಷಣವೇ? ಮೀಟರು ತನ್ನ ರಿಜಿಸ್ಟರಿಗೆ (ಅಂಕಿ ಇಡುವ ಮೆಮೊರಿ ಜಾಗಕ್ಕೆ) ಬರೆದದ್ದೇ, ಮೀಟರುಗಳನ್ನು ಓದಿ ಸರ್ವರಿಗೆ ಕಳಿಸುವ ಗೇಟ್‌ವೇ ಅದನ್ನು ಓದಿದ್ದೇ, ಪ್ಯಾಕೆಟ್ಟು ಸರ್ವರಿಗೆ ಮುಟ್ಟಿದ್ದೇ, ಅಥವಾ ಡೇಟಾಬೇಸಿನಲ್ಲಿ ಸಾಲು ಸೇರಿದ್ದೇ? ಆರೂ ಉತ್ತರಗಳು ಸಾಧ್ಯ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಕೆಲವು ಮಿಲಿಸೆಕೆಂಡಿನಿಂದ ಹಿಡಿದು ಕೆಲವು ಗಂಟೆಗಳವರೆಗೆ ಅಂತರ ಇರಬಹುದು. ಆ ಮೂರು ದಶಾಂಶ ಸ್ಥಾನಗಳನ್ನು ನೋಡಿ ಮಿಲಿಸೆಕೆಂಡಿನ ನಿಖರತೆ ಇದೆ ಎಂದು ನಂಬುವಂತಿಲ್ಲ.

ನನ್ನ ವಾದ ಇಷ್ಟೇ. ಅಳತೆ ನಡೆದ ಜಾಗಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಲ್ಲಿಯೇ ವೇಳೆ ಹಚ್ಚಬೇಕು. ಹಚ್ಚಿದ ಗಡಿಯಾರ ಆ ಹೊತ್ತಿಗೆ ಸರಿಯಾಗಿತ್ತೇ ಎಂಬ ಮಾಹಿತಿಯೂ ಅದರ ಜೊತೆಗೇ ಸಾಗಬೇಕು. ದಾರಿಯಲ್ಲಿ ಯಾರೂ ಅದನ್ನು ಅಳಿಸಿ ತಮ್ಮ ವೇಳೆ ಬರೆಯಬಾರದು. ಮೂರೂ ಸರಳ ಮಾತುಗಳು. ನಿಜವಾದ ಜಾಲಗಳಲ್ಲಿ ಮೂರೂ ದಿನನಿತ್ಯ ಮುರಿಯುತ್ತವೆ.

ಇದರ ಬೆಲೆ ಏನೆಂಬುದಕ್ಕೆ ದೊಡ್ಡ ಸಾಕ್ಷಿ 2003ರ ಆಗಸ್ಟ್ 14ರ ಕತ್ತಲು. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಹೋಯಿತು. ಯಾವ ಲೈನು ಮೊದಲು ಟ್ರಿಪ್ ಆಯಿತು, ಯಾವುದು ಅದರ ಪರಿಣಾಮ ಎಂದು ಹೇಳಬೇಕಾದರೆ ಘಟನೆಗಳನ್ನು ಕ್ರಮವಾಗಿ ಜೋಡಿಸಬೇಕು. ಆದರೆ ಬೇರೆ ಬೇರೆ ಕಂಪನಿಗಳ ರೆಕಾರ್ಡರುಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಎರಡೂ ದೇಶಗಳ ಜಂಟಿ ತನಿಖಾ ತಂಡ ಸಾವಿರಾರು ದಾಖಲೆಗಳನ್ನು ಕೈಯಾರೆ ಹೊಂದಿಸಬೇಕಾಯಿತು. ವೇಳೆ ಹೊಂದಿಸಿದ ರೆಕಾರ್ಡರುಗಳನ್ನು ಕಡ್ಡಾಯ ಮಾಡಬೇಕೆಂದು ವರದಿಯಲ್ಲಿ ಪ್ರತ್ಯೇಕ ಶಿಫಾರಸೇ ಇದೆ.

ಕೇಳಿ ಓದುವ ವ್ಯವಸ್ಥೆ: ಮೋಡ್‌ಬಸ್

ಎಲ್ಲೆಡೆ ಕಾಣುವ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸ್ಥಿತಿ ಆರ್‌ಎಸ್-485 ತಂತಿಯ ಮೇಲಿನ ಮೋಡ್‌ಬಸ್, ಅಂದರೆ ಒಂದೇ ತಂತಿಗೆ ಕಟ್ಟಿದ ಮೀಟರುಗಳನ್ನು ಒಂದೊಂದಾಗಿ ಕೇಳಿ ಓದುವ ಪ್ರೋಟೊಕಾಲು. ಅದರ ರಿಜಿಸ್ಟರಿನಲ್ಲಿ ಮೌಲ್ಯವಿದೆ, ವೇಳೆ ಇಲ್ಲ. ಹಾಗಾಗಿ ಓದುವವನೇ ವೇಳೆ ಹಚ್ಚಬೇಕು.

ಲೆಕ್ಕ ಹಾಕಿ ನೋಡೋಣ. 9600 ಬಾಡ್ (ಸೆಕೆಂಡಿಗೆ 9600 ಬಿಟ್), ಪ್ಯಾರಿಟಿ ಸೇರಿ ಅಕ್ಷರಕ್ಕೆ 11 ಬಿಟ್; ಅಂದರೆ ಒಂದು ಬೈಟಿಗೆ 1.146 ಮಿಲಿಸೆಕೆಂಡು. ಎರಡು ರಿಜಿಸ್ಟರು ಕೇಳುವ ಪ್ರಶ್ನೆ 8 ಬೈಟು, ಉತ್ತರ 9 ಬೈಟು. ತಂತಿಯ ಮೇಲೇ 19.5 ಮಿಲಿಸೆಕೆಂಡು ಹೋಯಿತು. ಫ್ರೇಮುಗಳ ನಡುವೆ ಮೂರೂವರೆ ಅಕ್ಷರದಷ್ಟು ಮೌನ ಬೇಕು, ತಲಾ 4 ಮಿಲಿಸೆಕೆಂಡು. ಮೀಟರು ಉತ್ತರ ಸಿದ್ಧಪಡಿಸಲು 30 ಎಂದು ಹಿಡಿಯಿರಿ. ಒಂದು ಮೀಟರಿಗೆ ಹತ್ತಿರ ಹತ್ತಿರ 58 ಮಿಲಿಸೆಕೆಂಡು. ಅದೇ ತಂತಿಯ ಮೇಲೆ 32 ಮೀಟರುಗಳಿದ್ದರೆ ಒಂದು ಸುತ್ತಿಗೆ ಸುಮಾರು 1.85 ಸೆಕೆಂಡು. ಒಂದು ಮೀಟರು ಕೆಟ್ಟು ನಿಂತು, ಟೈಮ್‌ಔಟ್ 1 ಸೆಕೆಂಡು, ಮೂರು ಸಲ ಪ್ರಯತ್ನ ಎಂದು ಹೊಂದಿಸಿದ್ದರೆ ಪ್ರತಿ ಸುತ್ತಿಗೂ ಇನ್ನೂ 3 ಸೆಕೆಂಡು ಸೇರುತ್ತದೆ.

ಇಷ್ಟಾದ ಮೇಲೆ ಅನೇಕ ಗೇಟ್‌ವೇಗಳು ಮಾಡುವುದೇನೆಂದರೆ, ಸುತ್ತು ಮುಗಿದಾಗ ಎಲ್ಲ 32 ಮೌಲ್ಯಗಳಿಗೂ ಒಂದೇ ವೇಳೆ ಹಚ್ಚಿ ಕಳಿಸುವುದು. ಪಟ್ಟಿಯಲ್ಲಿ ಅವು ಒಂದೇ ಕ್ಷಣದ ಚಿತ್ರದಂತೆ ಕಾಣುತ್ತವೆ. ಅದು ನಿಜವಲ್ಲ. ಒಂದು ಟ್ರಾನ್ಸ್‌ಫಾರ್ಮರಿನ ಎರಡೂ ಬದಿಯ ಪವರ್ ಕಳೆದು ನಷ್ಟ ಲೆಕ್ಕ ಹಾಕುವವರಿಗೆ ಇದು ನೇರ ಪೆಟ್ಟು. ನಷ್ಟ ಇರುವುದೇ ಶೇಕಡಾ ಒಂದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಎರಡು ಸೆಕೆಂಡಿನಲ್ಲಿ ಲೋಡು ಶೇಕಡಾ ಎರಡು ಏರಿದರೆ ಸಾಕು, ಒಳಬಂದದ್ದಕ್ಕಿಂತ ಹೊರಹೋದದ್ದು ಹೆಚ್ಚು ಎಂಬ ಉತ್ತರ ಬರುತ್ತದೆ. ಆಗ ಜನ ಸಿಟಿಯ (ಕರೆಂಟನ್ನು ಇಳಿಸಿ ಮೀಟರಿಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರಿನ) ಅನುಪಾತ ಹುಡುಕುತ್ತಾರೆ, ಮೀಟರು ಬದಲಿಸುತ್ತಾರೆ. ದೋಷ ವೇಳೆಯಲ್ಲಿರುತ್ತದೆ.

ಸರಿಪಡಿಸುವುದು ಕಷ್ಟವಲ್ಲ. ಪ್ರತಿ ಪ್ರಶ್ನೆಗೂ ಬೇರೆ ವೇಳೆ ಹಚ್ಚಿ; ಕೇಳಿದ ಕ್ಷಣ, ಉತ್ತರ ಬಂದ ಕ್ಷಣ ಎರಡನ್ನೂ ಹಿಡಿದು ನಡುವಿನ ವೇಳೆ ಬರೆದರೆ ತಂತಿಯ ಕಡೆಯ ದೋಷ ಎಷ್ಟೆಂಬ ಮಿತಿಯೂ ಸಿಗುತ್ತದೆ. ಕಳೆದು ನೋಡಬೇಕಾದ ಜೋಡಿ ಮೀಟರುಗಳನ್ನು ಸುತ್ತಿನಲ್ಲಿ ಒಂದರ ಹಿಂದೊಂದು ಇಡಿ. ಉತ್ತರ ಕೊಡದ ಮೀಟರನ್ನು ನಿಧಾನದ ಬೇರೆ ಸುತ್ತಿಗೆ ತಳ್ಳಿ. ಇಷ್ಟಾದರೂ ಮೀಟರು ಒಳಗೆ ರಿಜಿಸ್ಟರನ್ನು ಎಷ್ಟು ಹೊತ್ತಿಗೊಮ್ಮೆ ಹೊಸದು ಮಾಡುತ್ತದೆ ಎಂಬುದು ಉಳಿಯುತ್ತದೆ. ಸೆಕೆಂಡಿಗೊಮ್ಮೆ ಮಾತ್ರ ಎಂದು ಕೈಪಿಡಿಯಲ್ಲಿದ್ದರೆ, ನೀವು 100 ಮಿಲಿಸೆಕೆಂಡಿಗೊಮ್ಮೆ ಓದಿದರೂ ಸಿಗುವುದು ಅದೇ ಹಳೆಯ ಅಂಕಿಗೆ ಹತ್ತು ಹೊಸ ವೇಳೆಗಳು.

ಎನರ್ಜಿ ಲೆಕ್ಕಕ್ಕಾದರೆ ಮೀಟರೇ ವೇಳೆ ಹಚ್ಚಿದ ದಾಖಲೆ ಓದುವುದು ಮೇಲು. ನಮ್ಮ ಗ್ರಿಡ್ಡಿನ ಷೆಡ್ಯೂಲು ದಿನಕ್ಕೆ 96 ತುಂಡು, ತಲಾ 15 ನಿಮಿಷ. ಆ ಮೀಟರುಗಳು ಆಯಾ ತುಂಡಿನ ಯೂನಿಟ್ಟನ್ನು ತಮ್ಮೊಳಗೇ ಬರೆದಿಟ್ಟುಕೊಳ್ಳುತ್ತವೆ. ಆಗ ಓದುವುದು ತಡವಾದರೂ ನಷ್ಟವಿಲ್ಲ. ಮೀಟರಿನ ಗಡಿಯಾರ ಮಾತ್ರ ನೆಟ್ಟಗಿರಬೇಕು.

ವೇಳೆ ಹೊತ್ತು ತರುವ ಪ್ರೋಟೊಕಾಲುಗಳು

ಸಬ್‌ಸ್ಟೇಷನ್ನಿನಿಂದ ಕಂಟ್ರೋಲ್ ರೂಮಿಗೆ ಡೇಟಾ ಒಯ್ಯುವ ಐಇಸಿ 60870-5-104ರಲ್ಲಿ ಆರ್‌ಟಿಯು (ಸಬ್‌ಸ್ಟೇಷನ್ನಿನಲ್ಲಿ ಕೂತು ಅಳತೆ, ಸ್ಥಿತಿಗಳನ್ನು ಕಳಿಸುವ ಸಾಧನ) ತಾನೇ ವೇಳೆ ಹಚ್ಚಿ ಕಳಿಸಬಹುದು: 7 ಬೈಟು, ಮಿಲಿಸೆಕೆಂಡಿನ ತನಕ, ಜೊತೆಗೆ 'ಈ ವೇಳೆ ನಂಬಬೇಡಿ' ಎಂದು ಹೇಳುವ ಒಂದು ಬಿಟ್. ಡಿಎನ್‌ಪಿ3 ಪ್ರೋಟೊಕಾಲಿನಲ್ಲಿ 1970ರಿಂದ ಎಣಿಸಿದ ಮಿಲಿಸೆಕೆಂಡು, 48 ಬಿಟ್. ಐಇಸಿ 61850ರಲ್ಲಿ 8 ಬೈಟು: ಸೆಕೆಂಡು, 24 ಬಿಟ್‌ನ ಭಿನ್ನಾಂಶ, ಕೊನೆಯ ಬೈಟು ಪೂರ್ತಿ ಗಡಿಯಾರದ ಗುಣಮಟ್ಟಕ್ಕೆ. ವ್ಯವಸ್ಥೆ ಚೆನ್ನಾಗಿದೆ. ಕಳೆದುಹೋಗುವುದು ಮುಂದಿನ ಹಂತದಲ್ಲಿ. ಕಂಟ್ರೋಲ್ ರೂಮಿನ ಸಾಫ್ಟ್‌ವೇರು ವೇಳೆ ತೆಗೆದುಕೊಂಡು ಆ ಗುಣಮಟ್ಟದ ಬಿಟ್ಟನ್ನು ಬಿಸಾಡಿದರೆ, ರೀಸ್ಟಾರ್ಟ್ ಆಗಿ ಇನ್ನೂ ವೇಳೆ ಹೊಂದಿಸಿಕೊಳ್ಳದ ಆರ್‌ಟಿಯು ಕಳಿಸಿದ ಘಟನೆಯೂ ಉಳಿದವುಗಳ ನಡುವೆ ಗಂಭೀರವಾಗಿ ಕೂರುತ್ತದೆ.

-104ರಲ್ಲಿ ಇನ್ನೊಂದು ಸೂಕ್ಷ್ಮ. ಲಿಂಕು ಕಡಿದು ಮತ್ತೆ ಸೇರಿದಾಗ ಮಾಸ್ಟರು, ಅಂದರೆ ಕಂಟ್ರೋಲ್ ರೂಮಿನ ಕಡೆ, ಎಲ್ಲ ಸ್ಥಿತಿಗಳನ್ನೂ ಒಟ್ಟಿಗೆ ಕೇಳುತ್ತದೆ. ಆ ಒಟ್ಟು ವಿಚಾರಣೆಯ ಉತ್ತರಗಳಿಗೆ ವೇಳೆ ಇರುವುದಿಲ್ಲ. ಬ್ರೇಕರು ಒಂದು ಗಂಟೆ ಹಿಂದೆ ತೆರೆದಿದ್ದರೂ ಕಂಟ್ರೋಲ್ ರೂಮು ಅದಕ್ಕೆ ಈಗಿನ ವೇಳೆ ಹಚ್ಚುತ್ತದೆ. ಆಮೇಲೆ ಆರ್‌ಟಿಯುವಿನ ಬಫರಿನಿಂದ ನಿಜವಾದ ಘಟನೆ ನಿಜವಾದ ವೇಳೆಯೊಡನೆ ಬರುತ್ತದೆ. ಒಂದೇ ತೆರೆಯುವಿಕೆಗೆ ಈಗ ಎರಡು ದಾಖಲೆ. ವಿಚಾರಣೆಯಿಂದ ಬಂದ ಮೌಲ್ಯ ಎಂಬ ಗುರುತು ಪ್ರತಿ ಸಂದೇಶದಲ್ಲೂ ಇರುತ್ತದೆ. ಅದನ್ನು ಡೇಟಾಬೇಸಿನವರೆಗೆ ಒಯ್ದರೆ ಗೊಂದಲ ಇಲ್ಲ.

61850ರ ರಿಪೋರ್ಟಿನಲ್ಲಿರುವ ವೇಳೆಯನ್ನು ಹೊಸಬರು ತಪ್ಪಾಗಿ ಓದುತ್ತಾರೆ. ಅದು ಮೌಲ್ಯವೋ ಗುಣಮಟ್ಟವೋ ಕೊನೆಯ ಸಲ ಬದಲಾದ ವೇಳೆ. ಐಸೊಲೇಟರಿನ ಸ್ಥಿತಿಯ ಪಕ್ಕ ಮೂರು ತಿಂಗಳ ಹಿಂದಿನ ತಾರೀಕು ಕಂಡರೆ ಗಡಿಯಾರ ಕೆಟ್ಟಿಲ್ಲ, ಅಂದಿನಿಂದ ಐಸೊಲೇಟರು ಅಲುಗಿಲ್ಲ ಅಷ್ಟೆ.

ಇನ್‌ಪುಟ್ ಡಿಬೌನ್ಸ್ ಅನ್ನೂ ನೋಡಿ. ಕಾಂಟ್ಯಾಕ್ಟು ಅದುರುವುದನ್ನು ಸೋಸಲು 10 ಮಿಲಿಸೆಕೆಂಡು ಇಟ್ಟಿದ್ದರೆ, ವೇಳೆ ಹಚ್ಚುವುದು ಮೊದಲ ಅಂಚಿಗೋ, 10 ಮಿಲಿಸೆಕೆಂಡು ಕಳೆದ ಮೇಲೋ? ಎರಡೂ ಬಗೆಯ ಸಾಧನಗಳು ಇವೆ. ಹಾಗೆಯೇ ಕಾಲು ಸೈಕಲ್ಲಿಗೊಮ್ಮೆ, ಅಂದರೆ 50 ಹರ್ಟ್ಸ್‌ನಲ್ಲಿ 5 ಮಿಲಿಸೆಕೆಂಡಿಗೊಮ್ಮೆ, ಇನ್‌ಪುಟ್ ನೋಡುವ ರಿಲೇ ಒಂದು ಮಿಲಿಸೆಕೆಂಡಿನ ದಾಖಲೆ ಬರೆದರೆ ಕೊನೆಯ ಅಂಕೆಗೆ ಅರ್ಥವಿಲ್ಲ.

ಸೆನ್ಸರುಗಳ ಸಂದೇಶವನ್ನು ಬ್ರೋಕರು ಎಂಬ ನಡುವಿನ ಸರ್ವರಿನ ಮೂಲಕ ಹಂಚುವ ಎಂಕ್ಯೂಟಿಟಿ ಬಳಸುವವರಿಗೆ ಒಂದು ಎಚ್ಚರಿಕೆ: ಪ್ರೋಟೊಕಾಲಿನಲ್ಲಿ ಅಳತೆಯ ವೇಳೆಗೆ ಜಾಗವೇ ಇಲ್ಲ, ಪೇಲೋಡಿನೊಳಗೆ ನೀವೇ ಇಡಬೇಕು. ಇಡದಿದ್ದರೆ, ಬ್ರೋಕರು ಉಳಿಸಿಟ್ಟುಕೊಂಡ ಹಳೆಯ ಸಂದೇಶ ಹೊಸ ಚಂದಾದಾರನಿಗೆ ಸಿಕ್ಕ ಕೂಡಲೇ ಅದು ಈಗಿನ ಅಳತೆಯಾಗಿಬಿಡುತ್ತದೆ. ಸೆನ್ಸರು ಸತ್ತು ವಾರವಾಗಿದ್ದರೂ ಸರ್ವರು ರೀಸ್ಟಾರ್ಟ್ ಆದಾಗಲೆಲ್ಲ ಒಂದು ಜೀವಂತ ಬಿಂದು ಮೂಡುತ್ತದೆ.

ಕಣ ವೇಗವರ್ಧಕಗಳಲ್ಲಿ ಬಳಸುವ ಎಪಿಕ್ಸ್ ಎಂಬ ನಿಯಂತ್ರಣ ಸಾಫ್ಟ್‌ವೇರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ರೀತಿ ನನಗೆ ಬಹಳ ಇಷ್ಟ. ಅಲ್ಲಿ ಪ್ರತಿ ರೆಕಾರ್ಡಿಗೂ ಟಿಎಸ್‌ಇ ಎಂಬ ಒಂದು ಫೀಲ್ಡಿದೆ. 0 ಇದ್ದರೆ ರೆಕಾರ್ಡು ಸಂಸ್ಕರಣೆಯಾದ ಕ್ಷಣದ ವೇಳೆ. -2 ಇದ್ದರೆ ಹಾರ್ಡ್‌ವೇರಿನ ಡ್ರೈವರು ಕೊಟ್ಟ ವೇಳೆ. ಟಿಎಸ್‌ಇಎಲ್ ಎಂಬ ಇನ್ನೊಂದು ಫೀಲ್ಡಿನಿಂದ ಬೇರೊಂದು ರೆಕಾರ್ಡಿನ ವೇಳೆಯನ್ನೇ ನಕಲು ಮಾಡಿಕೊಳ್ಳಬಹುದು. ಮೂರು ಅಳತೆಗಳಿಂದ ಲೆಕ್ಕ ಹಾಕಿದ ನಾಲ್ಕನೆಯದು ಮೂಲದ ವೇಳೆಯನ್ನೇ ಹೊರುತ್ತದೆ. ಪರದೆಯ ಮೇಲೆ ನೋಡುವ ಕ್ಲೈಂಟು ವೇಳೆ ಹಚ್ಚುವುದೇ ಇಲ್ಲ. ಯಾರೂ ಮುಟ್ಟದಿದ್ದರೆ ಮೌಲ್ಯ 0 ಆಗಿರುತ್ತದೆ ಎಂಬುದೇ ಅಲ್ಲಿನ ಬಲೆ: ಡ್ರೈವರು ಹಿಂದಿನ ಪಲ್ಸಿನ ಅಳತೆಯನ್ನು ಹಿಡಿದಿಟ್ಟುಕೊಂಡಿರುತ್ತದೆ, ಸೆಕೆಂಡಿಗೊಮ್ಮೆ ಓದುವ ರೆಕಾರ್ಡು ಅದಕ್ಕೆ ತನ್ನ ವೇಳೆ ಹಚ್ಚುತ್ತದೆ.

ಫೇಸರು: ವೇಳೆಯೇ ಅಳತೆಯಾಗುವ ಜಾಗ

ಇಲ್ಲಿಯವರೆಗೆ ವೇಳೆ ತಪ್ಪಿದರೆ ದಾಖಲೆ ತಪ್ಪುತ್ತಿತ್ತು, ಅಂಕಿ ಸರಿಯಿರುತ್ತಿತ್ತು. ಪಿಎಂಯು, ಅಂದರೆ ಫೇಸರ್ (ಅಲೆಯ ಎತ್ತರ ಮತ್ತು ಕೋನ) ಅಳೆಯುವ ಯಂತ್ರದಲ್ಲಿ ವೇಳೆ ತಪ್ಪಿದರೆ ಅಂಕಿಯೇ ತಪ್ಪು. ಅದು ಅಳೆಯುವುದು, ಯುಟಿಸಿಯ (ಜಾಗತಿಕ ಪ್ರಮಾಣ ವೇಳೆಯ) ಸೆಕೆಂಡಿಗೆ ಕಟ್ಟಿಹಾಕಿದ ಒಂದು ಕಾಲ್ಪನಿಕ 50 ಹರ್ಟ್ಸ್ ಅಲೆಗೆ ಹೋಲಿಸಿದರೆ ನಮ್ಮ ವೋಲ್ಟೇಜಿನ ಅಲೆ ಎಷ್ಟು ಕೋನ ಮುಂದಿದೆ, ಎಷ್ಟು ಹಿಂದಿದೆ ಎಂಬುದನ್ನು. ಒಂದು ಸೈಕಲ್ 20 ಮಿಲಿಸೆಕೆಂಡು, 360 ಡಿಗ್ರಿ. ಒಂದು ಮಿಲಿಸೆಕೆಂಡು ತಪ್ಪಿದರೆ 18 ಡಿಗ್ರಿ. ಐಇಇಇ ಸಿ37.118 ಮಾನಕ ಒಪ್ಪುವ ಒಟ್ಟು ದೋಷ ಶೇಕಡಾ 1. ಅದೆಲ್ಲವನ್ನೂ ಗಡಿಯಾರವೇ ತಿಂದರೂ 0.573 ಡಿಗ್ರಿ, ಅಂದರೆ 31.8 ಮೈಕ್ರೋಸೆಕೆಂಡು. ಸಿಟಿಯ, ವೋಲ್ಟೇಜು ಇಳಿಸಿ ಕೊಡುವ ಪಿಟಿಯ ದೋಷಕ್ಕೂ ಜಾಗ ಬೇಕಾದ್ದರಿಂದ ಗಡಿಯಾರಕ್ಕೆ ಒಂದು ಮೈಕ್ರೋಸೆಕೆಂಡಿಗಿಂತ ಹೆಚ್ಚು ಕೊಡುವುದಿಲ್ಲ.

ಪವರ್‌ಗ್ರಿಡ್ ಸಂಸ್ಥೆ ದೇಶದುದ್ದಕ್ಕೂ ಯುಆರ್‌ಟಿಡಿಎಸ್‌ಎಂ ಯೋಜನೆಯಲ್ಲಿ ಹಾಕಿದ ಪಿಎಂಯುಗಳು ಸೆಕೆಂಡಿಗೆ 25 ಫ್ರೇಮು, ಅಂದರೆ 40 ಮಿಲಿಸೆಕೆಂಡಿಗೊಂದು ಕಳಿಸುತ್ತವೆ. ದಕ್ಷಿಣದ ರಾಜ್ಯಗಳ ಗ್ರಿಡ್ಡನ್ನು ನೋಡಿಕೊಳ್ಳುವ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪ್ರತಿ ಫ್ರೇಮಿನಲ್ಲಿ ಸೆಕೆಂಡು, ಅದರ ಭಿನ್ನಾಂಶ, ವೇಳೆಯ ಗುಣಮಟ್ಟ ಇರುತ್ತವೆ. ಬೇರೆ ಬೇರೆ ಊರಿನಿಂದ ಬಂದ ಫ್ರೇಮುಗಳನ್ನು ಪಿಡಿಸಿ ಎಂಬ ಸಂಗ್ರಾಹಕ ಬಂದ ಹೊತ್ತು ನೋಡದೆ ಒಳಗಿರುವ ವೇಳೆ ನೋಡಿ ಜೋಡಿಸುತ್ತದೆ. ನಿಗದಿತ ಹೊತ್ತು ಕಾಯುತ್ತದೆ, ಅಷ್ಟರಲ್ಲಿ ಬಾರದವರ ಜಾಗ ಖಾಲಿ ಬಿಟ್ಟು ಮುಂದೆ ಕಳಿಸುತ್ತದೆ. ಹಾಗಾಗಿ ಪಿಎಂಯು ಒಂದರ ಗಡಿಯಾರ ಒಂದೇ ಸೆಕೆಂಡು ಹಿಂದಿದ್ದರೂ ಅದರ ಎಲ್ಲ ಫ್ರೇಮುಗಳೂ ತಡವಾದವೆಂದು ಬಿದ್ದುಹೋಗುತ್ತವೆ. ಲಿಂಕು ಹಸಿರು, ಪ್ಯಾಕೆಟ್ಟು ಬರುತ್ತಿದೆ, ಪರದೆಯಲ್ಲಿ ಡೇಟಾ ಇಲ್ಲ. ಹೀಗೆ ಕಂಡರೆ ನೆಟ್‌ವರ್ಕಿನವರನ್ನು ಕರೆಯುವ ಮೊದಲು ಫ್ರೇಮಿನೊಳಗಿನ ಸೆಕೆಂಡನ್ನು ಓದಿ ನೋಡಿ.

ಈಗ ನಿಜವಾಗಿ ಸ್ವಾರಸ್ಯದ ವಿಷಯ. ಫೇಸರನ್ನು ಒಂದು ಕ್ಷಣದಲ್ಲಿ ಅಳೆಯಲಾಗುವುದಿಲ್ಲ, ಕೆಲವು ಸೈಕಲ್‌ಗಳ ಕಿಟಕಿ ಬೇಕು. ಹಾಗಾದರೆ ವೇಳೆ ಕಿಟಕಿಯ ಶುರುವಿಗೋ, ನಡುವಿಗೋ, ಕೊನೆಗೋ? ನಡುವಿಗೆ ಹಚ್ಚಬೇಕು, ಫಿಲ್ಟರಿನ ತಡವನ್ನು ಕಳೆದು. ಒಂದು ಯಂತ್ರ 4 ಸೈಕಲ್ಲಿನ ಕಿಟಕಿಯ ಕೊನೆಗೆ ಹಚ್ಚಿತು ಎಂದುಕೊಳ್ಳಿ. ತಪ್ಪು 40 ಮಿಲಿಸೆಕೆಂಡು. ಗ್ರಿಡ್ಡು ಸರಿಯಾಗಿ 50.00 ಹರ್ಟ್ಸ್‌ನಲ್ಲಿದ್ದರೆ ಕೋನದಲ್ಲಿ ಏನೂ ಕಾಣುವುದಿಲ್ಲ, ಏಕೆಂದರೆ ಕೋನ ತಿರುಗುತ್ತಲೇ ಇಲ್ಲ. 49.90ಕ್ಕೆ ಇಳಿದರೆ ಕೋನ ಸೆಕೆಂಡಿಗೆ 36 ಡಿಗ್ರಿ ತಿರುಗುತ್ತದೆ, 40 ಮಿಲಿಸೆಕೆಂಡಿಗೆ 1.44 ಡಿಗ್ರಿ. ಎರಡು ಊರಿನಲ್ಲಿ ಎರಡು ಕಂಪನಿಯ ಯಂತ್ರಗಳಿದ್ದು ಒಂದು ನಡುವಿಗೆ, ಇನ್ನೊಂದು ಕೊನೆಗೆ ಹಚ್ಚಿದರೆ, ಫ್ರೀಕ್ವೆನ್ಸಿ ಬೀಳುವಾಗ ಮಾತ್ರ ಅವುಗಳ ನಡುವೆ ಇಲ್ಲದ ಕೋನ ಮೂಡುತ್ತದೆ. ಕಾರ್ಯಾರಂಭದ ದಿನ ಲ್ಯಾಬಿನಲ್ಲಿ 50 ಹರ್ಟ್ಸ್ ಕೊಟ್ಟು ಪರೀಕ್ಷಿಸಿದವರಿಗೆ ಎಲ್ಲ ಸರಿಯಾಗಿ ಕಂಡಿರುತ್ತದೆ. ಪರೀಕ್ಷೆಯನ್ನು 49.5 ಮತ್ತು 50.5ರಲ್ಲಿ ಮಾಡಲೇಬೇಕು.

ಒಂದಿಡೀ ಸೆಕೆಂಡು ತಪ್ಪಿದರೂ ಹೀಗೆಯೇ. 50.00ರಲ್ಲಿ ಒಂದು ಸೆಕೆಂಡೆಂದರೆ ಸರಿಯಾಗಿ 50 ಸೈಕಲ್, ಕೋನ ಬದಲಾಗದು. 49.95ರಲ್ಲಿ 18 ಡಿಗ್ರಿ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಆಗಾಗ ಸೇರಿಸುವ ಲೀಪ್ ಸೆಕೆಂಡು ಬಂದಾಗ ಒಂದು ಯಂತ್ರ ಸೇರಿಸಿ ಇನ್ನೊಂದು ಸೇರಿಸದಿದ್ದರೆ ಆಗುವುದು ಇದೇ. ಕೊನೆಯ ಲೀಪ್ ಸೆಕೆಂಡು ಯುಟಿಸಿಯಲ್ಲಿ 2016ರ ಡಿಸೆಂಬರ್ 31ರ ನಡುರಾತ್ರಿ ಸೇರಿತು. ನಮಗದು 2017ರ ಜನವರಿ 1ರ ಬೆಳಗಿನ ಐದೂವರೆಗೆ ಒಂದು ಕ್ಷಣ ಮೊದಲು. 2035ರ ಹೊತ್ತಿಗೆ ಈ ಪದ್ಧತಿಯನ್ನು ಕೈಬಿಡಲು 2022ರಲ್ಲಿ ತೂಕ ಮತ್ತು ಅಳತೆಗಳ ಜಾಗತಿಕ ಸಮ್ಮೇಳನ ನಿರ್ಧರಿಸಿದೆ. ಅಲ್ಲಿಯವರೆಗೆ ಹೊಸದೊಂದು ಬಾರದು ಎಂದು ಕೋಡು ಬರೆಯುವಂತಿಲ್ಲ.

ಸ್ಯಾಂಪಲಿಗೆ ಒಂದೊಂದು ವೇಳೆ ಬೇಡ

ಸೆಕೆಂಡಿಗೆ ಸಾವಿರ ಸ್ಯಾಂಪಲು ತೆಗೆಯುವಲ್ಲಿ ಪ್ರತಿಯೊಂದಕ್ಕೂ ಪ್ರೊಸೆಸರಿನ ಗಡಿಯಾರ ನೋಡಿ ವೇಳೆ ಬರೆದರೆ ಇಂಟರಪ್ಟಿನ ತಡ, ಬೇರೆ ಕೆಲಸಗಳ ಅಡ್ಡಿ ಎಲ್ಲ ಡೇಟಾದೊಳಗೆ ಬರುತ್ತವೆ. ಸ್ಯಾಂಪಲಿಂಗ್ ಗಡಿಯಾರ ಸ್ವತಃ ಅದಕ್ಕಿಂತ ಎಷ್ಟೋ ಪಾಲು ಸಮ. ಬ್ಲಾಕಿನ ಮೊದಲ ಸ್ಯಾಂಪಲಿಗೆ ವೇಳೆ, ಉಳಿದದ್ದಕ್ಕೆ ಎಣಿಕೆ ಎಂಬುದೇ ಸರಿಯಾದ ದಾರಿ. ಭೂಕಂಪ ಮಾಪನದ ಮಿನಿಸೀಡ್ ಕಡತಗಳು ಹೀಗೆಯೇ ಇವೆ. ಡಿಜಿಟಲ್ ಸಬ್‌ಸ್ಟೇಷನ್ನಿನ ಸ್ಯಾಂಪಲ್ಡ್ ವ್ಯಾಲ್ಯೂ ಇನ್ನೂ ಮುಂದೆ ಹೋಗಿದೆ: ಐಇಸಿ 61850ರ 9-2ಎಲ್‌ಇ ಮಾರ್ಗಸೂಚಿಯ ಪ್ರಕಾರ 50 ಹರ್ಟ್ಸ್‌ನಲ್ಲಿ ಸೈಕಲ್ಲಿಗೆ 80, ಸೆಕೆಂಡಿಗೆ 4000 ಸ್ಯಾಂಪಲು; ಪ್ಯಾಕೆಟ್ಟಿನಲ್ಲಿ 0ಯಿಂದ 3999ರ ವರೆಗಿನ ಎಣಿಕೆ ಇರುತ್ತದೆ, ಸೆಕೆಂಡು ಹುಟ್ಟಿದಾಗ ಸೊನ್ನೆಗೆ ಮರಳುತ್ತದೆ. ಯಾವ ಸೆಕೆಂಡು ಎಂದು ಪ್ಯಾಕೆಟ್ಟು ಹೇಳುವುದೇ ಇಲ್ಲ.

ಆದರೆ ಎಣಿಕೆಯನ್ನೇ ನಂಬಿ ಕೂತರೂ ಆಗದು. 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ತಪ್ಪುವ ಕ್ರಿಸ್ಟಲಿನಲ್ಲಿ ಸಾವಿರ ಎಂದು ಬರೆದದ್ದು ಸಾವಿರವಲ್ಲ; ಗಂಟೆಗೆ 72 ಮಿಲಿಸೆಕೆಂಡು ಜಾರುತ್ತದೆ. ಪ್ರತಿ ಪ್ಯಾಕೆಟ್ಟಿಗೂ ಬಂದ ವೇಳೆಯಿಂದ ಸರಿಪಡಿಸಿದರೆ ನೆಟ್‌ವರ್ಕಿನ ನಡುಕ ಒಳಬರುತ್ತದೆ. ಜಿಪಿಎಸ್ಸಿನ ಸೆಕೆಂಡು ಪಲ್ಸು ಬಂದಾಗ ಸ್ಯಾಂಪಲ್ ಎಣಿಕೆ ಎಷ್ಟಿತ್ತು ಎಂದು ಹಾರ್ಡ್‌ವೇರಿನಲ್ಲೇ ಹಿಡಿದು, ಆ ಜೋಡಿಗಳನ್ನು ಡೇಟಾದ ಜೊತೆ ಉಳಿಸಿ. ಇಷ್ಟಿದ್ದರೆ ವರ್ಷ ಕಳೆದ ಮೇಲೂ ಯಾರಾದರೂ ಮರುಲೆಕ್ಕ ಹಾಕಬಹುದು. ಹಣ ಇದ್ದರೆ ಸ್ಯಾಂಪಲಿಂಗ್ ಗಡಿಯಾರವನ್ನೇ ಪಲ್ಸಿಗೆ ಲಾಕ್ ಮಾಡುವುದು ಇನ್ನೂ ಚೆನ್ನ.

ಎಡಿಸಿಯ ಒಳಗಿನ ತಡ ಜನ ಮರೆಯುವ ಸಂಗತಿ. ಸಿಗ್ಮಾ-ಡೆಲ್ಟಾ ಎಡಿಸಿಯ ಡಿಜಿಟಲ್ ಫಿಲ್ಟರು ಅಗಲ ಬ್ಯಾಂಡಿನ ಲೀನಿಯರ್ ಫೇಸ್ ಬಗೆಯದಾದರೆ ಮೂವತ್ತು ನಲವತ್ತು ಸ್ಯಾಂಪಲಿನಷ್ಟು ಹಿಂದೆ ಬೀಳುವುದು ಸಾಮಾನ್ಯ. 38 ಎಂದಿಟ್ಟುಕೊಂಡರೆ 1000 ದರದಲ್ಲಿ 38 ಮಿಲಿಸೆಕೆಂಡು, ಸಾಲದ್ದಕ್ಕೆ ದರ ಬದಲಿಸಿದಾಗೆಲ್ಲ ಬದಲಾಗುತ್ತದೆ. ಗಡಿಯಾರವನ್ನು ನ್ಯಾನೋಸೆಕೆಂಡಿಗೆ ಹೊಂದಿಸಲು ದುಡ್ಡು ಸುರಿದು ಈ 38 ಮಿಲಿಸೆಕೆಂಡನ್ನು ಕಳೆಯದೆ ಬಿಟ್ಟರೆ ಸುರಿದದ್ದು ವ್ಯರ್ಥ. ಡೇಟಾಶೀಟಿನಲ್ಲಿ ಗ್ರೂಪ್ ಡಿಲೇ ಎಂಬ ಸಾಲು ಹುಡುಕಿ.

ಗಡಿಯಾರಗಳನ್ನು ಹೊಂದಿಸುವುದು

ನೆಟ್‌ವರ್ಕಿನ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ನಾಲ್ಕು ವೇಳೆಗಳಿಂದ ಲೆಕ್ಕ ಹಾಕುತ್ತದೆ: ಕ್ಲೈಂಟು ಕಳಿಸಿದ್ದು, ಸರ್ವರಿಗೆ ತಲುಪಿದ್ದು, ಸರ್ವರು ಕಳಿಸಿದ್ದು, ಕ್ಲೈಂಟಿಗೆ ತಲುಪಿದ್ದು. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಹೊತ್ತು ಹಿಡಿಯುತ್ತದೆ ಎಂಬುದು ಅದರ ಊಹೆ. 4ಜಿ ಮೋಡೆಮಿನಲ್ಲಿ ಹೋಗಲು 60, ಬರಲು 20 ಮಿಲಿಸೆಕೆಂಡು ಆದರೆ ಗಡಿಯಾರ 20 ಮಿಲಿಸೆಕೆಂಡು ತಪ್ಪಿ ನಿಲ್ಲುತ್ತದೆ, ಆಫ್‌ಸೆಟ್ (ಎರಡು ಗಡಿಯಾರಗಳ ವ್ಯತ್ಯಾಸ) ಮಾತ್ರ ಸೊನ್ನೆ ಎಂದೇ ತೋರಿಸುತ್ತದೆ. ತಪ್ಪು ಗರಿಷ್ಠ ಎಷ್ಟಿರಬಹುದು ಎಂದರೆ ಹೋಗಿಬರುವ ಒಟ್ಟು ತಡದ ಅರ್ಧ. ಲಾಗಿನಲ್ಲಿ ಆಫ್‌ಸೆಟ್ಟಿನ ಬದಲು ಆ ಅಂಕಿಯನ್ನು ಇಡುವುದು ಪ್ರಾಮಾಣಿಕ. ಸ್ಥಳೀಯ ನೆಟ್‌ವರ್ಕಿನೊಳಗೆ, ಒಳ್ಳೆಯ ಸರ್ವರಿದ್ದರೆ, ಎನ್‌ಟಿಪಿ ಒಂದು ಮಿಲಿಸೆಕೆಂಡಿನೊಳಗೆ ಸಲೀಸಾಗಿ ಇರಿಸುತ್ತದೆ. ಎನರ್ಜಿ ಲೆಕ್ಕ, ತಾಪಮಾನ, ಪಂಪಿನ ಒತ್ತಡಕ್ಕೆ ಅದು ಸಾಕೋ ಸಾಕು.

ಮೈಕ್ರೋಸೆಕೆಂಡು ಬೇಕಾದರೆ ಪಿಟಿಪಿ, ಅಂದರೆ ಐಇಇಇ 1588. ಅದರ ಗುಟ್ಟು ಸೂತ್ರದಲ್ಲಿಲ್ಲ, ವೇಳೆ ಹಿಡಿಯುವ ಜಾಗದಲ್ಲಿದೆ: ಪ್ಯಾಕೆಟ್ಟು ತಂತಿಗೆ ಇಳಿಯುವ ಜಾಗದಲ್ಲಿ, ನೆಟ್‌ವರ್ಕ್ ಕಾರ್ಡಿನ ಹಾರ್ಡ್‌ವೇರು ವೇಳೆ ಹಿಡಿಯುತ್ತದೆ. ಲಿನಕ್ಸಿನಲ್ಲಿ ಇಥ್‌ಟೂಲ್ ಆಜ್ಞೆಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ಕಾರ್ಡಿಗೆ ಆ ಶಕ್ತಿ ಇದೆಯೇ ಎಂದು ಹೇಳುತ್ತದೆ. ಇಲ್ಲದಿದ್ದರೆ ಪಿಟಿಪಿ ಹಾಕಿಯೂ ಫಲವಿಲ್ಲ. ನಡುವಿನ ಸ್ವಿಚ್ಚೂ ಪಿಟಿಪಿ ತಿಳಿದಿರಬೇಕು. 100 ಎಂಬಿಪಿಎಸ್ ಪೋರ್ಟಿನಲ್ಲಿ 1500 ಬೈಟಿನ ಒಂದೇ ಪ್ಯಾಕೆಟ್ಟು ಮುಂದೆ ನಿಂತಿದ್ದರೆ 120 ಮೈಕ್ರೋಸೆಕೆಂಡು ಕಾಯಬೇಕು. ಫೇಸರಿಗೆ ನಮ್ಮಲ್ಲಿದ್ದ ಮಿತಿಯೇ 31.8. ವಿದ್ಯುತ್ ಜಾಲಗಳಿಗಾಗಿ ಇರುವ ಪಿಟಿಪಿಯ ಪವರ್ ಪ್ರೊಫೈಲಿನಲ್ಲಿ ಪ್ರತಿ ಟ್ರಾನ್ಸ್‌ಪರೆಂಟ್ ಸ್ವಿಚ್ಚು (ಪ್ಯಾಕೆಟ್ಟು ತನ್ನೊಳಗೆ ಕಾದ ಹೊತ್ತನ್ನು ಅಳೆದು ತಿಳಿಸುವಂಥದ್ದು) 50 ನ್ಯಾನೋಸೆಕೆಂಡಿಗಿಂತ ಕಡಿಮೆ ತಪ್ಪು ಸೇರಿಸಬೇಕೆಂದು ಕಟ್ಟುಪಾಡಿದೆ.

ಹಳೆಯ ಸಬ್‌ಸ್ಟೇಷನ್ನುಗಳಲ್ಲಿ ಈಗಲೂ ತಂತಿಯ ಮೇಲೆ ವೇಳೆ ಹಂಚುವ ಐರಿಗ್-ಬಿ ಸಂಕೇತ ಓಡುತ್ತಿದೆ. ಅದು ಸ್ಥಳೀಯ ವೇಳೆ ಹೊರಬಹುದು, ಯುಟಿಸಿಯನ್ನೂ ಹೊರಬಹುದು. ಎರಡೂ ತುದಿಯಲ್ಲಿ ಒಂದೇ ಹೊಂದಿಕೆ ಇರಬೇಕು. ಅದರ ಐಇಇಇ 1344 ವಿಸ್ತರಣೆಯಲ್ಲಿ ಅರ್ಧ ಗಂಟೆಗೆಂದೇ ಒಂದು ಪ್ರತ್ಯೇಕ ಬಿಟ್ ಇದೆ. ಭಾರತೀಯ ವೇಳೆಗೆ ಆ ಬಿಟ್ ಬೇಕೇ ಬೇಕು.

ಉಪಗ್ರಹದ ಸಂಕೇತ ಹೋದಾಗ ಏನಾಗುತ್ತದೆ ಎಂಬುದನ್ನು ಖರೀದಿಗೆ ಮೊದಲೇ ಕೇಳಿ. ಒಂದು ಪಿಪಿಎಂ ತಪ್ಪಿರುವ ಟಿಸಿಎಕ್ಸ್ಒ (ತಾಪಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಕ್ರಿಸ್ಟಲ್ ಗಡಿಯಾರ) ಸೆಕೆಂಡಿಗೆ ಒಂದು ಮೈಕ್ರೋಸೆಕೆಂಡು ಜಾರುತ್ತದೆ. 32 ಸೆಕೆಂಡಿನಲ್ಲಿ ಫೇಸರಿನ ಮಿತಿ ದಾಟಿತು. ಬಿಲಿಯನ್ನಿಗೆ ಒಂದು ಪಾಲು ಹಿಡಿದು ನಿಲ್ಲುವ ಒಸಿಎಕ್ಸ್ಒ (ಬಿಸಿ ಗೂಡಿನಲ್ಲಿ ಒಂದೇ ತಾಪದಲ್ಲಿಟ್ಟ ಕ್ರಿಸ್ಟಲ್) ಆದರೆ ಅದೇ ಮಿತಿಗೆ ಎಂಟೂ ಮುಕ್ಕಾಲು ಗಂಟೆ. ಆಂಟೆನಾ ಕೇಬಲಿನ ತಡ ಮೀಟರಿಗೆ 4ರಿಂದ 5 ನ್ಯಾನೋಸೆಕೆಂಡು, ಗ್ರಿಡ್ಡಿಗೆ ಲೆಕ್ಕಕ್ಕಿಲ್ಲ. ಭೌತವಿಜ್ಞಾನದಲ್ಲಿ ಲೆಕ್ಕಕ್ಕಿದೆ: 2011ರಲ್ಲಿ ಜಿನೀವಾ ಬಳಿಯ ಸರ್ನ್‌ನಿಂದ 730 ಕಿಲೋಮೀಟರು ದೂರದ ಇಟಲಿಯ ಗ್ರಾನ್ ಸಾಸ್ಸೊಗೆ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡು ಮೊದಲೇ ಮುಟ್ಟಿದವು ಎಂದು ಒಪೆರಾ ಪ್ರಯೋಗ ಪ್ರಕಟಿಸಿತು. ಮುಖ್ಯ ಕಾರಣ, ಜಿಪಿಎಸ್ ವೇಳೆಯನ್ನು ಕೆಳಗಿನ ಪ್ರಯೋಗಾಲಯಕ್ಕೆ ಒಯ್ಯುವ ಆಪ್ಟಿಕಲ್ ಫೈಬರಿನ ಕನೆಕ್ಟರು ಪೂರ್ತಿ ಕೂತಿರಲಿಲ್ಲ.

ತಪ್ಪಿನ ಅಂಕಿ ನೋಡಿ ಕಾರಣ ಹೇಳುವುದು

ವೇಳೆಯ ತಪ್ಪುಗಳಿಗೆ ಒಂದು ಒಳ್ಳೆಯ ಗುಣವಿದೆ: ಎಷ್ಟು ತಪ್ಪಿದೆ ಎಂಬ ಅಂಕಿಯೇ ಬಹುಪಾಲು ಕಾರಣವನ್ನು ಹೇಳಿಬಿಡುತ್ತದೆ. ಸರಿಯಾಗಿ 37 ಸೆಕೆಂಡು ಮುಂದಿದ್ದರೆ ಯಾರೋ ಪಿಟಿಪಿಯ ಟಿಎಐ (ಲೀಪ್ ಸೆಕೆಂಡು ಸೇರಿಸದ ಪರಮಾಣು ಗಡಿಯಾರದ) ವೇಳೆಯನ್ನು ಯುಟಿಸಿ ಎಂದು ಓದಿದ್ದಾರೆ. 18 ಸೆಕೆಂಡು ಮುಂದಿದ್ದರೆ ಅದು ಕಚ್ಚಾ ಜಿಪಿಎಸ್ ವೇಳೆ. 19,800 ಸೆಕೆಂಡು ಎಂದರೆ ನಮ್ಮ ಐದೂವರೆ ಗಂಟೆ, ಒಮ್ಮೆ ಸೇರಿಸಬೇಕಾದ್ದನ್ನು ಎರಡು ಸಲ ಸೇರಿಸಿದ್ದಾರೆ ಅಥವಾ ಸೇರಿಸಿಲ್ಲ. ಸರಿಯಾಗಿ 20 ವರ್ಷ, 63,11,52,000 ಸೆಕೆಂಡು ಹಿಂದಿದ್ದರೆ 1990ರಿಂದ ಎಣಿಸುವ ಎಪಿಕ್ಸ್ ವೇಳೆಯನ್ನು 1970ರಿಂದ ಎಣಿಸುವ ಪ್ರೋಗ್ರಾಮು ಓದಿದೆ. 7168 ದಿನ, ಅಂದರೆ 1024 ವಾರ ಹಿಂದಿದ್ದರೆ ಜಿಪಿಎಸ್ಸಿನ 10 ಬಿಟ್ ವಾರದ ಎಣಿಕೆ ಸುತ್ತು ಮುಗಿಸಿದ್ದು ರಿಸೀವರಿನ ಹಳೆಯ ಫರ್ಮ್‌ವೇರಿಗೆ ಗೊತ್ತಾಗಿಲ್ಲ. ಜಾಗತಿಕವಾಗಿ ಆ ಎಣಿಕೆ 2019ರ ಏಪ್ರಿಲ್ 6ರಂದು ಸುತ್ತಿತು, ಕೆಲವು ರಿಸೀವರುಗಳಲ್ಲಿ ತಯಾರಿಕೆಯ ತಾರೀಕಿಗೆ ತಕ್ಕಂತೆ ಬೇರೆ ದಿನ ಸುತ್ತುತ್ತದೆ.

ತಪ್ಪು ಸ್ಥಿರವಾಗಿಲ್ಲದಿದ್ದರೆ ಎರಡು ಬಿಂದುಗಳ ನಡುವಿನ ಅಂತರದ ಹಿಸ್ಟೋಗ್ರಾಮು ಹಾಕಿ. ಸೆಕೆಂಡಿಗೊಂದು ಬರಬೇಕಾದ್ದು ಆಗಾಗ 200 ಮಿಲಿಸೆಕೆಂಡು ತಡವಾಗಿ ಬಂದು, ಮುಂದಿನದು ಅಷ್ಟೇ ಬೇಗ ಬಂದಂತಿದ್ದರೆ ಅದು ಕಳೆದುಹೋದ ಪ್ಯಾಕೆಟ್ಟನ್ನು ಟಿಸಿಪಿ ಮತ್ತೆ ಕಳಿಸಿದ ಗುರುತು, ವೇಳೆ ಹಚ್ಚುತ್ತಿರುವುದು ಸರ್ವರು. ಇಪ್ಪತ್ತು ನಿಮಿಷದ ಖಾಲಿಯ ನಂತರ ಒಂದೇ ಸೆಕೆಂಡಿನಲ್ಲಿ ಸಾವಿರ ಬಿಂದುಗಳು ಗುಂಪಾಗಿದ್ದರೆ, ಲಿಂಕು ಹೋದಾಗ ಸಾಧನ ಬಫರಿನಲ್ಲಿ ಜೋಪಾನವಾಗಿಟ್ಟ ಡೇಟಾಕ್ಕೆ ಸರ್ವರು ತನ್ನ ವೇಳೆ ಹಚ್ಚಿ ಹಾಳುಮಾಡಿದೆ. ವೇಳೆ ಹಿಂದಕ್ಕೆ ಹಾರಿದ್ದರೆ ಗಡಿಯಾರವನ್ನು ಒಮ್ಮೆಲೇ ಸರಿಪಡಿಸಲಾಗಿದೆ. ಎನ್‌ಟಿಪಿ ನಡೆಸುವ ಎನ್‌ಟಿಪಿಡಿ ಪ್ರೋಗ್ರಾಮು 128 ಮಿಲಿಸೆಕೆಂಡಿಗಿಂತ ಹೆಚ್ಚಿನ ತಪ್ಪಿಗೆ ಹೀಗೆ ಮಾಡುತ್ತದೆ. ಕಡಿಮೆಯಾದರೆ ಗರಿಷ್ಠ 500 ಪಿಪಿಎಂ ವೇಗದಲ್ಲಿ ಮೆಲ್ಲಗೆ ಎಳೆಯುತ್ತದೆ, 100 ಮಿಲಿಸೆಕೆಂಡು ಸರಿಯಾಗಲು 200 ಸೆಕೆಂಡಾದರೂ ಬೇಕು. ಅವಧಿ ಅಳೆಯುವಲ್ಲಿ ಗೋಡೆ ಗಡಿಯಾರದ ವೇಳೆ ಬಳಸದೆ, ಹಿಂದೆ ಹೋಗದ ಮಾನೊಟೋನಿಕ್ ಎಣಿಕೆ ಬಳಸಿ.

ಉಳಿಸುವಾಗ ಬೇಗ ಹೇಳಿ ಮುಗಿಸಬಹುದಾದ ಕೆಲವು ಮಾತು. ಯುಟಿಸಿಯಲ್ಲೇ ಉಳಿಸಿ, ಐಎಸ್‌ಟಿ ಪರದೆಗೆ ಮಾತ್ರ. 64 ಬಿಟ್ ಪೂರ್ಣಾಂಕದಲ್ಲಿ ನ್ಯಾನೋಸೆಕೆಂಡು ಇಡಿ; 64 ಬಿಟ್ ಫ್ಲೋಟಿನಲ್ಲಿ ಇಂದಿನ ಯುನಿಕ್ಸ್ ವೇಳೆಗೆ ಸಿಗುವ ಹೆಜ್ಜೆ 238 ನ್ಯಾನೋಸೆಕೆಂಡು, 32 ಬಿಟ್ ಫ್ಲೋಟಿನಲ್ಲಿ 128 ಸೆಕೆಂಡು. ಇನ್‌ಫ್ಲಕ್ಸ್‌ಡಿಬಿಯಂಥ ಡೇಟಾಬೇಸಿನಲ್ಲಿ ಅದೇ ಸರಣಿಗೆ ಅದೇ ವೇಳೆಯ ಎರಡನೇ ಬಿಂದು ಬಂದರೆ ಮೊದಲನೆಯದರ ಮೇಲೆಯೇ ಬರೆಯುತ್ತದೆ, ಹಾಗಾಗಿ ವೇಳೆಯನ್ನು ಸೆಕೆಂಡಿಗೆ ಕತ್ತರಿಸಿದವರ ಡೇಟಾ ಸದ್ದಿಲ್ಲದೆ ಮಾಯವಾಗುತ್ತದೆ. ಸಾಧನ ಹಚ್ಚಿದ ವೇಳೆ, ಸರ್ವರಿಗೆ ಬಂದ ವೇಳೆ, ಗಡಿಯಾರದ ಗುಣಮಟ್ಟ ಮೂರಕ್ಕೂ ಬೇರೆ ಬೇರೆ ಕಾಲಂ ಇಡಿ. ಎರಡು ವೇಳೆಗಳ ವ್ಯತ್ಯಾಸವನ್ನೇ ಒಂದು ಗ್ರಾಫಾಗಿ ಹಾಕಿಟ್ಟರೆ, ಅದು ಮೆಲ್ಲಗೆ ಏರಿದಾಗ ಸಾಧನದ ಗಡಿಯಾರ ಹಿಂದೆ ಬೀಳುತ್ತಿದೆ ಎಂದು, ಮುಳ್ಳು ಮುಳ್ಳಾದಾಗ ಲಿಂಕು ತುಂಬಿದೆ ಎಂದು ತಿಳಿಯುತ್ತದೆ.

ಇಷ್ಟೆಲ್ಲ ಹೊಂದಿಸಿದ ಮೇಲೆ ಕಾಗದದ ಲೆಕ್ಕ ನಂಬದೆ ಅಳೆದು ನೋಡುವ ವಿಧಾನ ಹೀಗಿದೆ. ಜಿಪಿಎಸ್ ರಿಸೀವರಿನ ಸೆಕೆಂಡು ಪಲ್ಸನ್ನು ರೆಸಿಸ್ಟರು ಜೋಡಿಯಿಂದ ಇನ್‌ಪುಟ್ ರೇಂಜಿಗೆ ಇಳಿಸಿ, ಖಾಲಿ ಇರುವ ಒಂದು ಅನಲಾಗ್ ಚಾನೆಲಿಗೆ ಕೊಡಿ. ಉಳಿದ ಚಾನೆಲುಗಳಂತೆಯೇ ಅದೂ ಎಡಿಸಿ, ಫಿಲ್ಟರು, ನೆಟ್‌ವರ್ಕು, ಸರ್ವರು, ಡೇಟಾಬೇಸು ಎಲ್ಲ ದಾಟಿ ಬರಲಿ. ಡೇಟಾಬೇಸಿನಿಂದ ಓದಿ, ಪಲ್ಸಿನ ಏರು ಅಂಚಿನ ಅರ್ಧ ಎತ್ತರ ಯಾವ ವೇಳೆಗೆ ಬಿದ್ದಿದೆ ನೋಡಿ. ಅದು .000ಕ್ಕೆ ಬೀಳಬೇಕು. .038ಕ್ಕೆ ಬಿದ್ದಿದ್ದರೆ ಸ್ಯಾಂಪಲಿಂಗ್ ದರವನ್ನು 1000ದಿಂದ 4000ಕ್ಕೆ ಏರಿಸಿ ಮತ್ತೊಮ್ಮೆ ಅಳೆಯಿರಿ. .0095ಕ್ಕೆ ಇಳಿದರೆ ತಪ್ಪು ಎಡಿಸಿಯ ಫಿಲ್ಟರಿನದು, ದರಕ್ಕೆ ತಕ್ಕಂತೆ ಕಳೆದರೆ ಸಾಕು. ಕದಲದೆ .038ರಲ್ಲೇ ನಿಂತರೆ ಫಿಲ್ಟರನ್ನು ಬಿಟ್ಟು ಗಡಿಯಾರವನ್ನು ಹುಡುಕಿ. ಒಂದೊಂದು ಸೆಕೆಂಡಿಗೆ ಒಂದೊಂದು ಕಡೆ ಬೀಳುತ್ತಿದ್ದರೆ ವೇಳೆ ಹಚ್ಚುತ್ತಿರುವುದು ಸಾಧನವಲ್ಲ, ಅದರಾಚೆಗಿನ ಯಾವುದೋ ಸಾಫ್ಟ್‌ವೇರು. ಪರೀಕ್ಷೆ ಮುಗಿದ ಮೇಲೂ ಆ ಚಾನೆಲನ್ನು ಕೀಳಬೇಡಿ, ಫರ್ಮ್‌ವೇರು ಬದಲಾದ ಮರುದಿನ ಅದನ್ನೇ ಮೊದಲು ನೋಡಬೇಕಾಗುತ್ತದೆ.